ನಾಲ್ಕು ಚಮಚದ ಎಡೆ

೨ ಜನವರಿ ೨೦೨೫, ಗುರುವಾರ. ಮೂಡಲಗಿ

ಕನ್ನಡ ಮಾಸ್ತರಿಕೆಯಿಂದ ನಿವೃತ್ತಿಯಾದ ಮೇಲೆ ದಿನಚರಿ ಬರೆಯುವುದನ್ನು ನಿಲ್ಲಿಸಿದ್ದೆ. ಬರೆಯುವಂಥದ್ದು ಏನೂ ನಡೆಯುತ್ತಿರಲಿಲ್ಲ. ಈಗ ನಡೆಯುವುದಿದೆ, ಆದ್ದರಿಂದ ಮತ್ತೆ ಆರಂಭಿಸಿದ್ದೇನೆ.

ವಿಷಯ ಇಷ್ಟು. ನನ್ನ ವಯಸ್ಸು ಅರವತ್ತೆರಡು. ಎತ್ತರ ಐದು ಅಡಿ ಆರು ಅಂಗುಲ. ತೂಕ ನೂರ ಇಪ್ಪತ್ತೊಂದು ಕಿಲೋ. ಹನ್ನೊಂದು ವರ್ಷಗಳಿಂದ ನನಗೆ ರುಮಟಾಯ್ಡ್ ಸಂಧಿವಾತವಿದೆ: ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಕೀಲುಗಳನ್ನು ಹಗೆಯೆಂದು ತಿಳಿದು ಕಡಿಯುವ ರೋಗ. ಸ್ಟೀರಾಯ್ಡ್ ಗುಳಿಗೆಗಳ ಬಲದ ಮೇಲೆಯೇ ಕೊನೆಯ ವರ್ಷಗಳ ಪಾಠ ಮಾಡಿದೆ. ಗುಳಿಗೆ ನೋವನ್ನು ಇಳಿಸಿತು, ತೂಕವನ್ನು ಏರಿಸಿತು. ಏರಿದ ತೂಕ ಮೊಣಕಾಲುಗಳನ್ನು ಸವೆಸಿತು. ಈಗ ಪಡಸಾಲೆಯಿಂದ ಬಚ್ಚಲಿಗೆ ಹೋಗುವುದು ಒಂದು ಪ್ರಯಾಣ.

ಗೋಕಾಕದ ಎಲುಬಿನ ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ: "ತೊಂಬತ್ತೈದರ ಕೆಳಗ ಬರ್ರಿ ಸರ್, ಎರಡೂ ಮೊಣಕಾಲು ಬದಲಿ ಮಾಡೋಣು. ಹಿಂಗ ಇದ್ರ ಮುಂದಿನ ವರ್ಷಕ್ಕ ವ್ಹೀಲ್‌ಚೇರ್ ತರಾಕ ಹೇಳ್ರಿ ಮಗಗ." ಪಥ್ಯ ಮಾಡಿ ಎರಡು ವರ್ಷಗಳಲ್ಲಿ ಮೂರು ಕಿಲೋ ಇಳಿಸಿ ನಾಲ್ಕು ಏರಿಸಿಕೊಂಡೆ. ಆದ್ದರಿಂದ ಇದೇ ಇಪ್ಪತ್ತೆರಡಕ್ಕೆ ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆ. ಜಠರದ ಮುಕ್ಕಾಲು ಪಾಲನ್ನು ತೆಗೆದುಹಾಕಿ, ಉಳಿದುದನ್ನು ಬಾಳೆಕಾಯಿಯಷ್ಟು ಕೊಳವೆಯಾಗಿ ಹೊಲಿಯುತ್ತಾರೆ.

ಮನೆಯವಳು ಕಾಶೆವ್ವ ಆಸ್ಪತ್ರೆಗೆ ಒಯ್ಯುವ ಚೀಲ ಹುಡುಕತೊಡಗಿದಳು. ಮಗ ಗುರುಪಾದ ಕೇಳಿದ, "ಮಂದಿ ಕೇಳಿದ್ರ ಏನಂತ ಹೇಳ್ಲಿ, ಅಪ್ಪಾ?" ಅವನಿಗೆ ಬಸ್ ನಿಲ್ದಾಣದ ಹಿಂದೆ ಹನಿ ನೀರಾವರಿಯ ಪೈಪುಗಳ ಅಂಗಡಿಯಿದೆ, ದಿನಕ್ಕೆ ಐವತ್ತು ಜನ ಕೇಳುತ್ತಾರೆ.

"ಹರ್ನಿಯಾ ಎಂದು ಹೇಳು," ಎಂದೆ.

"ಸುಳ್ಳು ಹೇಳಂತೀರಿ? ನೀವಾ?"

ಬಾಯಿಯನ್ನು ಹಿಡಿತದಲ್ಲಿಡಲಾರದೆ ಹೊಟ್ಟೆ ಕೊಯ್ಯಿಸಿಕೊಂಡ ಮಾಸ್ತರ ಎಂಬ ಮಾತನ್ನು ಕೇಳುವುದಕ್ಕಿಂತ ಒಂದು ಸುಳ್ಳು ಹಗುರ.

೧೧ ಜನವರಿ, ಶನಿವಾರ

ನಾಲ್ಕು ದಿನಗಳಿಂದ ಬರಿಯ ದ್ರವಾಹಾರ. ಆಸ್ಪತ್ರೆಯ ಆಹಾರತಜ್ಞೆ ದಾನೇಶ್ವರಿ ಎಂಬವಳು ಅಚ್ಚು ಮಾಡಿದ ಸೂಚನಾಪತ್ರ ಕೊಟ್ಟಿದ್ದಳು. ಅದರಲ್ಲಿ ಏಳು ತಪ್ಪುಗಳಿದ್ದವು. ಕೆಂಪು ಮಸಿಯಲ್ಲಿ ತಿದ್ದಿ, ನಿನ್ನೆ ಪರೀಕ್ಷೆಗೆಂದು ಹೋದಾಗ ಹಿಂದಿರುಗಿಸಿದೆ. ಹುಡುಗಿ ಬೇಸರಿಸಲಿಲ್ಲ.

"ತಿದ್ದಿದ್ದು ಭಾಳ ಚಲೋ ಆತ್ರಿ ಸರ್. ಆದ್ರ ಅದರಾಗ ಬರ್ದಿದ್ದು ಏನೈತಿ ಅಂತ ಓದಿದ್ರಿಲ್ಲೋ?"

"ಊಟದ ಜೊತೆಗೆ ನೀರು ಕುಡಿಯಬಾರದು ಎಂದಿದೆ."

"ಅದರ ಕೆಳಗಿನ ಸಾಲು?"

ಕೆಳಗಿನ ಸಾಲು ಹೀಗಿದೆ: ಸಾಕೆನಿಸಿದ ಕ್ಷಣವೇ ನಿಲ್ಲಿಸಬೇಕು, ತಟ್ಟೆಯಲ್ಲಿ ಉಳಿದರೂ ತಿನ್ನಬಾರದು. ಅದು ನಮ್ಮಲ್ಲಿ ಸಾಧ್ಯವಿಲ್ಲ ಎಂದು ವಿವರಿಸಿದೆ. ಎಡೆಗೆ ಬಿದ್ದದ್ದು ಪ್ರಸಾದ. ಅಗುಳು ಬಿಡದೆ ಉಂಡು, ಗಂಗಾಳವನ್ನು ತೊಳೆದು, ಆ ನೀರನ್ನೂ ಕುಡಿದು ಏಳುವುದು ನಮ್ಮ ಮನೆಯ ಪದ್ಧತಿ. ನನ್ನ ತಂದೆ ತಪ್ಪಿಸಲಿಲ್ಲ, ನಾನು ತಪ್ಪಿಸಿಲ್ಲ. ಕೊಣ್ಣೂರಿನ ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಬರಿದಾದ ತಟ್ಟೆಯನ್ನು ತೋರಿಸದೆ ಯಾವ ವಿದ್ಯಾರ್ಥಿಯೂ ಹೊರಗೆ ಹೋಗುವಂತಿರಲಿಲ್ಲ.

"ನಾನೂ ಲಿಂಗ ಕಟ್ಟಿದಾಕೀನ ಅದೇನ್ರಿ ಸರ್," ಎಂದಳು. "ಕಡಿಮಿ ನೀಡಿಸ್ಕೊರ್ರಿ, ಮುಗೀತಲ್ಲ."

ಕಡಿಮೆ ನೀಡುವುದು ನೀಡುವವರ ಕೈಯಲ್ಲಿದೆ ಎಂಬುದನ್ನು ಆಕೆ ಇನ್ನೂ ಅರಿತಿಲ್ಲ.

೨೧ ಜನವರಿ, ಮಂಗಳವಾರ. ಬೆಳಗಾವಿ

ತೂಕ ನೂರ ಹದಿನಾರು. ಸಂಧಿವಾತಕ್ಕೆ ಹದಿನೈದು ದಿನಕ್ಕೊಮ್ಮೆ ಕೊಡುತ್ತಿದ್ದ ಚುಚ್ಚುಮದ್ದನ್ನು ನಿಲ್ಲಿಸಿದ್ದಾರೆ. ಅದಿದ್ದರೆ ಗಾಯಕ್ಕೆ ಕೀವು ತುಂಬುವ ಭಯ. ಇಲ್ಲದಿದ್ದರೆ ಕೀಲುಗಳು ಊದಿ ನೋವು ಏಳುವ ಭಯ. ಎರಡರಲ್ಲಿ ಎರಡನೆಯದನ್ನು ವೈದ್ಯರು ಆರಿಸಿದ್ದಾರೆ. ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದವನ ಹೊಲಿಗೆ ನಿಧಾನವಾಗಿ ಕೂಡುತ್ತದೆ ಎಂಬುದನ್ನು ಮೂರು ಸಲ ಹೇಳಿ, ಮೂರು ಕಡೆ ಸಹಿ ಮಾಡಿಸಿಕೊಂಡರು.

ಇಷ್ಟಲಿಂಗವನ್ನು ರಟ್ಟೆಗೆ ಕಟ್ಟಿಕೊಂಡು ಒಳಗೆ ಹೋಗಲು ಒಪ್ಪಿಗೆ ದೊರೆತಿದೆ. ಮನೆಯವಳು ಕುರ್ಚಿಯ ಮೇಲೆ ಕುಳಿತೇ ನಿದ್ರಿಸುತ್ತಿದ್ದಾಳೆ.

೨೫ ಜನವರಿ, ಶನಿವಾರ

ಆಗಿದೆ. ಐದು ಸಣ್ಣ ತೂತುಗಳು. ಮೂವತ್ತು ಮಿಲಿಲೀಟರ್ ನೀರು ಕುಡಿಯಲು ಹದಿನೈದು ನಿಮಿಷ ಬೇಕು. ಔಷಧದ ಬಾಟಲಿಯ ಮುಚ್ಚಳದಲ್ಲಿ ಅಳೆದು ಕೊಡುತ್ತಾರೆ.

೩ ಫೆಬ್ರವರಿ, ಸೋಮವಾರ. ಮೂಡಲಗಿ

ನೋಡಲು ಬರುವವರ ಸಾಲು ನಿಂತಿಲ್ಲ. ಎಲ್ಲರೂ ಬಾಳೆಹಣ್ಣು ತರುತ್ತಾರೆ. ಬಾಜೂ ಮನೆಯ ಮರೆವ್ವ ಬಂದು ಬಹಳ ಹೊತ್ತು ನನ್ನನ್ನೇ ನೋಡಿದಳು.

"ಹರ್ನಿಯಾಕ ಇಷ್ಟ್ ಸೊರಗ್ತಾರೇನ್ರಿ ಮಾಸ್ತರ? ನಮ್ಮ ಮನ್ಯಾವ್ರಿಗೂ ಆಗಿತ್ತು. ಎಂಟು ದಿನಕ್ಕ ಎದ್ದು ಕುಂತು ಆರು ರೊಟ್ಟಿ ತಿಂದು, ಇನ್ನೊಂದ್ ಐತೇನ ಅಂದ್ರು."

"ಪ್ರತಿಯೊಬ್ಬರ ಪ್ರಕೃತಿ ಬೇರೆ," ಎಂದೆ. ಮನೆಯವಳು ಅಡುಗೆಮನೆಗೆ ಹೋದಳು. ಅವಳು ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.

೧೩ ಫೆಬ್ರವರಿ, ಗುರುವಾರ

ಕೀಲುನೋವು ಎದ್ದಿದೆ. ಬೆರಳು ಮಡಚುತ್ತಿಲ್ಲ. ಹಳೆಯ ನೋವಿನ ಗುಳಿಗೆಗಳನ್ನು ಹೊಸ ಹೊಟ್ಟೆ ತಾಳದು. ಚುಚ್ಚುಮದ್ದಿಗೆ ಇನ್ನೂ ಎರಡು ವಾರ. ಮನೆಯವಳು ಚಮಚ ಹಿಡಿದು ಹೆಸರುಬೇಳೆಯ ಕಟ್ಟು ಉಣಿಸಿದಳು. ನಾಲ್ಕು ಚಮಚ. ಅಕ್ಷರ ಕೆಟ್ಟಿದೆ, ಕ್ಷಮೆಯಿಲ್ಲ.

೨೬ ಫೆಬ್ರವರಿ, ಬುಧವಾರ

ಶಿವರಾತ್ರಿ. ಊರೆಲ್ಲ ಉಪವಾಸ. ಏಕೆ ಉಣ್ಣುತ್ತಿಲ್ಲವೆಂದು ಇಂದು ಯಾರೂ ಕೇಳಲಿಲ್ಲ. ಒಳ್ಳೆಯ ದಿನ.

೧೪ ಮಾರ್ಚ್, ಶುಕ್ರವಾರ. ಬೆಳಗಾವಿ

ಮತ್ತೆ ಆಸ್ಪತ್ರೆ. ನಡೆದುದನ್ನು ಕ್ರಮವಾಗಿ ಬರೆಯುತ್ತೇನೆ.

ಕಳೆದ ಭಾನುವಾರ ಕಲ್ಲೋಳಿಯಲ್ಲಿ ಬಾಳೇಶನ ಹೊಸ ಮನೆಯ ಪ್ರವೇಶವಿತ್ತು. ಅವನು ಕೊಣ್ಣೂರಿನಲ್ಲಿ ನನ್ನ ವಿದ್ಯಾರ್ಥಿ. ಈಗ ಬೆಲ್ಲದ ವ್ಯಾಪಾರಿ. ತಾನೇ ಬಂದು ಕರೆದಿದ್ದ. ಚುಚ್ಚುಮದ್ದು ಪುನಃ ಮೊದಲಾಗಿ, ಬೆರಳುಗಳು ಸಡಿಲಗೊಂಡು, ನನಗೂ ಹುಮ್ಮಸ್ಸಿತ್ತು. ಮೆತ್ತಗಿನ ಆಹಾರವನ್ನು ನಾಲ್ಕೈದು ಚಮಚ ತಿನ್ನಲು ಅನುಮತಿಯೂ ಇತ್ತು. ಗುರುಪಾದ ಕಾರಿನಲ್ಲಿ ಕರೆದೊಯ್ದ.

ಗಂಡಸರ ಪಂಕ್ತಿಯ ತುದಿಯಲ್ಲಿ ನನಗೆ ಕುರ್ಚಿ ಹಾಕಿದ್ದರು. ಎದುರು ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಹದಿನೈದು ಮಂದಿ ಇದ್ದರು. ಕೆಲವರ ತಲೆ ಆಗಲೇ ನೆರೆಯತೊಡಗಿತ್ತು. ಬಾಳೇಶ ಗೋಧಿ ಹುಗ್ಗಿಯ ಬೋಗಾಣಿಯನ್ನು ತಾನೇ ಹಿಡಿದು ಬಂದ. ಒಂದು ಸೌಟು ಹಾಕಿದ. ಸಾಕೆಂದೆ.

"ಸರ್, ನಮ್ಮ ಕಡೆ ಸಾಕು ಅಂದ್ರ ಇನ್ನೊಂದ್ ಸೌಟು ಅಂತರಿ ಅರ್ಥ. ನೀವ ಕಲಿಸಿದ್ದಲ್ಲ ಕನ್ನಡ!"

ಎಲ್ಲರೂ ನಕ್ಕರು. ಇನ್ನೊಂದು ಸೌಟು ಬಿತ್ತು. ಮೇಲೆ ಹಾಲು, ತುಪ್ಪ. ಅವನು ಅಲ್ಲಿಯೇ ನಿಂತು ಪಂಕ್ತಿಗೆಲ್ಲ ಕೇಳುವಂತೆ ಹೇಳಿದ: "ಸರ್ ಬಾಗಿಲದಾಗ ನಿಂತ್ರ ನಾವು ಗಂಗಾಳ ನೆಕ್ಕಿ ತೋರಿಸಿ ಹೋಗ್ತಿದ್ವಿ. ಇವತ್ತಿಗೂ ನಮ್ಮ ಮನ್ಯಾಗ ಒಂದು ಅಗಳ ಬಿಡಂಗಿಲ್ರಿ. ನನ್ನ ಮಕ್ಕಳೂ ತೊಳದ ನೀರು ಕುಡದ ಏಳ್ತಾವು."

ಹೀಗಿರುವಾಗ ಎಡೆಯಲ್ಲಿ ಬಿಡುವುದು ಹೇಗೆ?

ಐದನೆಯ ಚಮಚಕ್ಕೆ ಎದೆಯ ನಡುವೆ ಗೂಟ ಹೊಡೆದಂತಾಯಿತು. ತುಸು ತಡೆದು ಮುಂದುವರಿಸಿದೆ. ಎಲ್ಲವನ್ನೂ ಉಂಡೆ. ಗಂಗಾಳವನ್ನು ತೊಳೆದು ನೀರು ಕುಡಿದೆ. ಬಾಳೇಶ ಕೈಮುಗಿದ. ಬೆವರು ಬಂದು ಕನ್ನಡಕ ಜಾರುತ್ತಿದ್ದುದನ್ನು ಅವನು ಬಿಸಿಲಿನದೆಂದು ತಿಳಿದು ಫ್ಯಾನನ್ನು ನನ್ನ ಕಡೆ ತಿರುಗಿಸಲು ಹೇಳಿದ.

ಕಾರಿನವರೆಗೆ ನಡೆದದ್ದು ನೆನಪಿದೆ. ವಾಂತಿಯಾದದ್ದು, ಎಡಭುಜಕ್ಕೆ ನೋವು ಏರಿದ್ದು ನೆನಪಿದೆ. ಹೆಂಗಸರ ಪಂಕ್ತಿಯಿಂದ ಮನೆಯವಳು ಎಂಜಲು ಕೈಯಲ್ಲಿಯೇ ಓಡಿಬಂದಳೆಂದು ಗುರುಪಾದ ಆಮೇಲೆ ಹೇಳಿದ.

ಇಲ್ಲಿಯ ವೈದ್ಯರು ಕೇಳಿದರು: ಏನು ತಿಂದಿರಿ? ಗೋಧಿ ಹುಗ್ಗಿ. ಎಷ್ಟು? ಎಡೆಯಲ್ಲಿದ್ದಷ್ಟು.

ಹೊಲಿಗೆ ಬಿಚ್ಚಿಲ್ಲ, ಊದಿಕೊಂಡಿದೆ. ಐದು ದಿನ ಬಾಯಿಗೆ ಏನೂ ಇಲ್ಲ, ನರಕ್ಕೆ ಸಲಾಯನ್. ಸಂಧಿವಾತದ ಚುಚ್ಚುಮದ್ದು ಮತ್ತೆ ಬಂದ್. ವೈದ್ಯರು ಗಟ್ಟಿಯಾಗಿ ಮಾತನಾಡುವವರಲ್ಲ. "ಈ ಸಲ ಉಳಿದಿದ್ದೀರಿ," ಎಂದರು. "ಇನ್ನೊಮ್ಮೆ ಹೀಗಾಗಿ ಹೊಲಿಗೆ ಬಿಚ್ಚಿದರೆ, ನಿಮ್ಮ ಕಾಯಿಲೆಗೂ ನೀವು ತೆಗೆದುಕೊಳ್ಳುವ ಔಷಧಿಗೂ ಅದು ಮತ್ತೆ ಕೂಡುವುದಿಲ್ಲ. ಮೊಣಕಾಲಿನ ಮಾತು ಆಮೇಲೆ, ನೀವೇ ಇರುವುದಿಲ್ಲ."

ಸಂಜೆ ದಾನೇಶ್ವರಿ ಬಂದಿದ್ದಳು.

"ಆಪರೇಷನ್ ಆಗೇತಿ ಅಂತ ಒಂದ ಮಾತು ಹೇಳಿದ್ರ ಆಗ್ತಿರ್ಲಿಲ್ಲೇನ್ರಿ ಸರ್?"

"ಆಗಿದೆಯೆಂದು ಅವರಿಗೆ ಗೊತ್ತಿದೆ. ಹರ್ನಿಯಾ ಎಂದು ಗೊತ್ತಿದೆ."

"ಹರ್ನಿಯಾ ಆದಾವ್ರು ಹುಗ್ಗಿ ತಿಂತಾರ್ರಿ ಸರ್," ಎಂದಳು.

೧೯ ಮಾರ್ಚ್, ಬುಧವಾರ. ಮೂಡಲಗಿ

ಮನೆಗೆ ಬಂದು ಎರಡು ದಿನವಾಯಿತು. ಕಾಶೆವ್ವ ಅಳೆಯುತ್ತಿದ್ದಳು, ಕೊಡುತ್ತಿದ್ದಳು, ಗಡಿಯಾರ ನೋಡುತ್ತಿದ್ದಳು; ಅಷ್ಟೆ.

ಇಂದು ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದೆ. ಹೊತ್ತು ಹೋಗಲೆಂದು ಹೇಳಿದೆ: ಮೂವತ್ತೆಂಟು ವರ್ಷ ಈ ಮನೆಯಲ್ಲಿ ಒಂದು ಅಗುಳೂ ಹೊರಗೆ ಚೆಲ್ಲಿಲ್ಲ, ಕೊನೆಗೆ ಆ ಪದ್ಧತಿಯೇ ನನ್ನನ್ನು ಕೆಡವಿತಲ್ಲ.

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಚೆಲ್ಲಿಲ್ಲ ಅಂದ್ರ, ಉಳದದ್ದು ಎಲ್ಲಿ ಹೋಗ್ತಿತ್ತು ಅಂತ ತಿಳದೀರಿ?"

"ಎಂದರೆ?"

"ನೀವು ಇವತ್ತ ಮೂರು ರೊಟ್ಟಿ ತಿಂತೀರಿ, ನಾಳಿ ಆರು. ಗುರುಪಾದ ಬರ್ತೇನಿ ಅಂತಾನ, ಬರೂದಿಲ್ಲ. ನಾ ಎಷ್ಟಂತ ಅಳತಿ ಮಾಡ್ಲಿ? ನೀವು ಗಂಗಾಳ ತೊಳದು ಕುಡದು ಎದ್ದ ಹೋಗ್ತಿದ್ರಿ. ಆಮ್ಯಾಲ ಬುಟ್ಯಾಗಿಂದು, ಬೋಗಾಣ್ಯಾಗಿಂದು ಎಲ್ಲಾ ನಾನ ತಿಂದೇನಿ. ಹಸಿವಿ ಇದ್ರೂ ತಿಂದೇನಿ, ಇಲ್ದಿದ್ರೂ ತಿಂದೇನಿ. ಹಳಸಿದ್ದು ಸೈತ ತಿಂದೇನಿ."

"ಹೇಳಬಹುದಿತ್ತಲ್ಲ."

"ಯಾರಿಗಿ?" ಎಂದಳು.

ಮತ್ತೆ ತಟ್ಟತೊಡಗಿದಳು. ಕಾಶೆವ್ವನಿಗೆ ಸಕ್ಕರೆ ಕಾಯಿಲೆ ಬಂದು ಏಳು ವರ್ಷ. ಗುಳಿಗೆ ತೆಗೆದುಕೊಂಡೂ ಇಳಿಯುವುದಿಲ್ಲವೆಂದು ಗೋಕಾಕದಲ್ಲಿ ವೈದ್ಯರು ಗದರಿದಾಗ, ಬಾಯಿಚಪಲವೆಂದು ನಾನೂ ಗದರಿದ್ದೆ. ದಾಖಲೆಗಾಗಿ ಬರೆದಿಟ್ಟಿದ್ದೇನೆ.

೨೦ ಮಾರ್ಚ್, ಗುರುವಾರ

ನಿನ್ನೆಯ ರೊಟ್ಟಿ ಎರಡು ಉಳಿದಿದ್ದವು. ಆಕಳಿಗೆ ಹಾಕೆಂದು ಗುರುಪಾದನಿಗೆ ಹೇಳಿದೆ. ಅವನು ರೊಟ್ಟಿಯನ್ನು ನೋಡಿದ, ನನ್ನನ್ನು ನೋಡಿದ, ತಾಯಿಯನ್ನು ನೋಡಿದ. "ಜ್ವರ ಗಿರ ಬಂದಾವೇನ್ರಿ?" ಎಂದ.

೬ ಏಪ್ರಿಲ್, ಭಾನುವಾರ

ತೂಕ ನೂರಾ ಎರಡು. ಕೂದಲು ಉದುರುತ್ತಿದೆ, ಉದುರುವುದೆಂದು ಸೂಚನಾಪತ್ರದಲ್ಲಿಯೇ ಇತ್ತು. ಚುಚ್ಚುಮದ್ದು ಮತ್ತೆ ಮೊದಲಾಗಿದೆ. ಸ್ಟೀರಾಯ್ಡನ್ನು ಅರ್ಧಕ್ಕೆ ಇಳಿಸಿದ್ದಾರೆ. ಬೆಳಗಿನ ಬಿಗಿತ ಎರಡು ತಾಸಿನಿಂದ ಮುಕ್ಕಾಲು ತಾಸಿಗೆ ಬಂದಿದೆ.

ನಾಲ್ಕು ಚಮಚ ಉಣ್ಣಲು ನನಗೆ ನಲವತ್ತು ನಿಮಿಷ ಬೇಕು. ನಾನು ಮುಗಿಸುವವರೆಗೆ ಕಾಯ್ದರೆ ಕಾಶೆವ್ವನ ಸಕ್ಕರೆ ಕಾಯಿಲೆಯ ಗುಳಿಗೆಯ ಹೊತ್ತು ಮೀರುತ್ತದೆ. ಆದ್ದರಿಂದ ಈಗ ಇಬ್ಬರೂ ಒಟ್ಟಿಗೇ ಕುಳಿತುಕೊಳ್ಳುತ್ತೇವೆ. ಕಾಶೆವ್ವನಿಗೆ ಪುಂಡಿಪಲ್ಯ ಸೇರುವುದಿಲ್ಲ ಎಂಬುದು ಇಂದು ತಿಳಿಯಿತು. ಮೂವತ್ತೆಂಟು ವರ್ಷ ವಾರಕ್ಕೆರಡು ಸಲ ಮಾಡಿದ್ದಾಳೆ. ನನಗೆ ಇಷ್ಟವೆಂದು ಮಾಡುತ್ತಿದ್ದಳಂತೆ. ಅವಳಿಗೆ ಇಷ್ಟವೆಂದು ನಾನು ತಿಳಿದಿದ್ದೆ. ಅದರ ಮೇಲೆ ನನಗೂ ಅಂಥ ಪ್ರೀತಿಯೇನಿಲ್ಲ.

೨೨ ಏಪ್ರಿಲ್, ಮಂಗಳವಾರ. ಗೋಕಾಕ

ತೊಂಬತ್ತೊಂಬತ್ತು. ಎಲುಬಿನ ವೈದ್ಯರು ಮೊಣಕಾಲಿನ ಹೊಸ ಚಿತ್ರ ತೆಗೆಸಿದರು. ಇನ್ನು ನಾಲ್ಕು ಕಿಲೋ. "ಆದ್ರ ಅವಸರ ಮಾಡಿ ಏನರೆ ಹೆಚ್ಚುಕಮ್ಮಿ ಮಾಡ್ಕೋಬ್ಯಾಡ್ರಿ, ಬೆಳಗಾವಿ ಕಾಗದಾ ಓದೇನಿ," ಎಂದರು.

ಪೇಟೆಯಲ್ಲಿ ಕರದಂಟಿನ ಅಂಗಡಿಯ ಮುಂದೆ ಇಬ್ಬರೂ ನಿಂತೆವು. ನಾನು ತಿನ್ನುವಂತಿಲ್ಲ, ಅವಳೂ ತಿನ್ನುವಂತಿಲ್ಲ. ವಾಸನೆಗೆ ನಿರ್ಬಂಧವಿಲ್ಲ.

ಹುಕ್ಕೇರಿಯಲ್ಲಿ ಕಾಶೆವ್ವನ ತಮ್ಮ ಶಿದ್ಲಿಂಗಪ್ಪನ ಮಗಳ ಮದುವೆ, ಮೇ ಹನ್ನೊಂದಕ್ಕೆ. ನಾನು ಬರುವುದು ಬೇಡವೆಂದು ಅವಳ ಅಭಿಪ್ರಾಯ. "ಅಲ್ಲಿ ನೀಡಾವ್ರು ನನ್ನ ತಮ್ಮಂದಿರು. ಒತ್ತಾಯ ಮಾಡೂದ್ರಾಗ ಬಾಳೇಶನ ಅಪ್ಪ ಅವ್ರು," ಎಂದಳು.

೧೨ ಮೇ, ಸೋಮವಾರ. ಹುಕ್ಕೇರಿ

ತೂಕ ತೊಂಬತ್ತೇಳೂವರೆ, ಹೊರಡುವ ಮುನ್ನ ನೋಡಿದ್ದು. ನಿನ್ನೆ ಮದುವೆಯಾಯಿತು. ವರದಿ ಹೀಗಿದೆ.

ಅಕ್ಷತೆ ಬಿದ್ದ ಮೇಲೆ ಊಟದ ಕೋಣೆಗೆ ಹೋದೆವು. ಒಂದು ಬದಿಗೆ ಗಂಡಸರ ಮೇಜುಗಳು, ಇನ್ನೊಂದು ಬದಿಗೆ ಹೆಂಗಸರವು. ಶಿದ್ಲಿಂಗಪ್ಪ ಹೋಳಿಗೆಯ ಬುಟ್ಟಿ ಹಿಡಿದು ಬಾಗಿಲಲ್ಲಿಯೇ ನಿಂತಿದ್ದ.

"ಬರ್ರಿ ಮಾಮಾರ, ಮೊದಲ್ನೇ ಪಂಕ್ತಿ ಹಿರ್ಯಾರ್ದು. ಅಂಗಿ ಯಾರ್ದು ಹಾಕ್ಕೊಂಡ ಬಂದೀರಿ, ಜೋತಾಡಾಕತ್ತೈತಿ? ಇವತ್ತ ತುಂಬಿಸಿ ಕಳಸ್ತೇವಿ!"

ಮೊದಲ ಮೇಜಿನಲ್ಲಿ ನನ್ನ ಹೆಸರು ಕೂಗಿ ಕುರ್ಚಿ ಎಳೆದರು. ಅದರ ಮುಂದೆ ಎಡೆ ಬಡಿಸಿಯಾಗಿತ್ತು: ಹೋಳಿಗೆ ಮೂರು, ಅನ್ನದ ಗುಡ್ಡೆ, ಪಲ್ಯ ಎರಡು ಬಗೆ. ನಾನು ಕುರ್ಚಿಯ ಬೆನ್ನು ಹಿಡಿದು ನಿಂತೆ. ಕುಳಿತರೆ ಏನಾಗುವುದೆಂಬುದು ಗೊತ್ತಿತ್ತು. ಕೋಲೂರಿ ತಿರುಗಿ, ಹೆಂಗಸರ ಕಡೆಗೆ ನಡೆದೆ. ಹನ್ನೆರಡು ಹೆಜ್ಜೆ. ಕಾಶೆವ್ವನ ಪಕ್ಕದ ಕುರ್ಚಿ ಖಾಲಿಯಿತ್ತು.

"ಇಲ್ಲ್ಯಾಕ ಬಂದ್ರಿ?" ಎಂದಳು, ತುಟಿ ಅಲುಗಿಸದೆ.

"ಉಣ್ಣಾಕ."

"ಮಂದಿ ನೋಡಾಕತ್ತಾರ."

"ನೋಡ್ಲಿ."

ನೀಡುವವನು ನನ್ನ ಮುಂದೆ ಗಂಗಾಳ ಇಡಲು ಬಂದ. "ನನಗ ಬ್ಯಾರೆ ಬ್ಯಾಡಪಾ. ಇಕಿ ಎಡ್ಯಾಗ ತಗೋತೇನಿ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಎದುರು ಕುಳಿತಿದ್ದ ಮುದುಕಿಗೆ ಅರ್ಥವಾಯಿತು. ಮದುಮಕ್ಕಳು ಒಂದೇ ಎಡೆಯಲ್ಲಿ ಉಣ್ಣುವ ಭೂಮದೂಟ ಆಗ ಒಳಕೋಣೆಯಲ್ಲಿ ನಡೆದಿತ್ತು.

"ಅಯ್ಯ ನಮ್ಮವ್ವ, ಒಳಗೊಂದು ಭೂಮಾ ನಡದೈತಿ, ಇಲ್ಲೊಂದು ಚಾಲೂ ಆತು ನೋಡ್ರಿ! ಮಾಸ್ತರ, ಬಾಸಿಂಗ ಎಲ್ಲಿ ಇಟ್ಟ ಬಂದ್ರಿ?"

ಸಾಲಿಗೆ ಸಾಲೇ ನಕ್ಕಿತು. ಕಾಶೆವ್ವ ಸೆರಗನ್ನು ಮುಖದವರೆಗೆ ಎಳೆದುಕೊಂಡಳು. ನಗು ಕೇಳಿ ಶಿದ್ಲಿಂಗಪ್ಪ ಬುಟ್ಟಿಸಮೇತ ಬಂದ.

"ಏನ್ರಿ ಮಾಮಾರ ಇದು, ನಮ್ಮ ಮರ್ಯಾದಿ ತಗೀತೀರೇನು? ಹರ್ನಿಯಾ ಆಗಿ ನಾಕು ತಿಂಗಳಾತು, ಇನ್ನೂ ಪಥ್ಯಾ ಅಂತೀರಲ್ಲ."

"ಹರ್ನಿಯಾ ಅಲ್ಲಪಾ ಶಿದ್ಲಿಂಗಪ್ಪ. ಹೊಟ್ಟಿ ಮುಕ್ಕಾಲು ಕೊಯ್ದ ತಗಸೇನಿ, ತೂಕ ಇಳೀಲಿ ಅಂತ. ನಾ ಸುಳ್ಳ ಹೇಳಿದ್ದೆ."

ಅವನು ನನ್ನ ಹೊಟ್ಟೆಯನ್ನು ನೋಡಿದ. ಆಮೇಲೆ ಬುಟ್ಟಿಯನ್ನು ನೋಡಿದ.

"ಮತ್ತ ಉಳದ ಪಾವು ಹೊಟ್ಟ್ಯಾಗ ಒಂದರೆ ಹೋಳಿಗಿ ಹಿಡಿಯಂ‌ಗಿಲ್ಲೇನ್ರಿ?"

"ಹಿಡಿಯಂಗಿಲ್ಲ."

"ಹಂಗಾರ ನಿಮ್ಮ ಪಾಲಿಂದು ಅಕ್ಕ ತಿನ್ಲಿ," ಎಂದು ಎರಡನ್ನು ಅವಳ ಎಡೆಗೆ ಹಾಕಿ ಹೋದ. ಮೊದಲೇ ಅಲ್ಲಿ ಒಂದಿತ್ತು.

ನಾನು ಅವಳ ಎಡೆಯ ಅಂಚಿನಿಂದ ಮೆತ್ತಗಿನ ಅನ್ನ, ಸಾರು, ಮೊಸರು ತೆಗೆದುಕೊಂಡೆ. ನಾಲ್ಕು ಚಮಚ. ನಾಲ್ಕನೆಯದು ಇಳಿಯುವ ಹೊತ್ತಿಗೆ ಗಂಡಸರ ಕಡೆ ಎರಡನೆಯ ಪಂಕ್ತಿ ಕುಳಿತಿತ್ತು. ಸಾಕೆನಿಸಿತು, ನಿಲ್ಲಿಸಿದೆ. ಎದೆಯಲ್ಲಿ ಗೂಟವಿಲ್ಲ, ಬೆವರಿಲ್ಲ.

ಕಾಶೆವ್ವ ಒಂದು ಹೋಳಿಗೆಯನ್ನು ಮುಗಿಸಿದ್ದಳು. ಉಸಿರೆಳೆದುಕೊಂಡು, ಎರಡನೆಯದನ್ನು ಮುರಿದಳು. ಉಳಿದ ಅನ್ನವನ್ನು ಬೆರಳುಗಳಿಂದ ಒಂದೆಡೆ ಕೂಡಿಸಿದಳು. ಉಳಿದದ್ದನ್ನು ಮುಗಿಸುವ ಈ ಕೆಲಸವನ್ನು ಅವಳು ಮಾಡುವುದನ್ನು ನಾನು ಇದುವರೆಗೆ ಕುಳಿತು ನೋಡಿರಲಿಲ್ಲ.

"ಹಸಿವಿ ಐತೇನು?" ಎಂದು ಕೇಳಿದೆ.

"ಇಲ್ಲ."

"ಮತ್ತ ಬಿಡು."

ಕೈ ನಿಂತಿತು. "ಎಡ್ಯಾಗ?"

"ಎಡ್ಯಾಗ."

ನಾನು ಪರೀಕ್ಷಿಸುತ್ತಿದ್ದೇನೋ ಎಂಬಂತೆ ಅವಳು ನನ್ನ ಮುಖವನ್ನು ನೋಡಿದಳು. ಎದುರಿನ ಮುದುಕಿಯೂ ನೋಡಿದಳು. ಬಳಿಕ ಕಾಶೆವ್ವ ಮುರಿದ ತುಂಡನ್ನು ಕೆಳಗಿಟ್ಟು, ಬೆರಳುಗಳನ್ನು ಗಂಗಾಳದ ಅಂಚಿಗೆ ಒರೆಸಿ, ಎದ್ದಳು. ಎಡೆಯಲ್ಲಿ ಒಂದು ಮುರಿದ ಹೋಳಿಗೆ, ಒಂದು ಇಡಿಯ ಹೋಳಿಗೆ, ಒಂದು ಹಿಡಿ ಅನ್ನ ಉಳಿದವು. ಅವಳು ತಿರುಗಿ ನೋಡದೆ ಕೈ ತೊಳೆಯಲು ಮುಂದೆ ನಡೆದಳು. ನಾನು ಕೋಲು ತೆಗೆದುಕೊಂಡು ಹಿಂದೆ ಹೋದೆ.